ಓಡಿದರೆ ತಂಪು

ಸರಸಂಬಾದಲ್ಲಿ ಬೆವರಿಗೆ ಮರ್ಯಾದೆ ಇದೆ. ಹೊಲದಿಂದ ಬಂದವನ ಅಂಗಿ ಬೆನ್ನಿಗೆ ಅಂಟಿದ್ದರೆ ಬಿಸಿ ರೊಟ್ಟಿ ಮೊದಲು ಅವನಿಗೆ. ಅಂಗಿ ಒಣಗಿದ್ದರೆ, 'ಯಾವ ಗಿಡದ ಬುಡಕ ಮಲಗಿದ್ದಿಯಪ್ಪಾ' ಎಂಬ ಮಾತು ರೊಟ್ಟಿಗಿಂತ ಮುಂಚೆ ಬೀಳುತ್ತದೆ. ಅಂಥ ಊರಿನಲ್ಲಿ ಮಲ್ಕಮ್ಮನ ಹೊಟ್ಟೆಯಲ್ಲಿ ಬೆವರೇ ಬಾರದ ಮಗಳು ಹುಟ್ಟಿದಳು.

ಹೆಸರು ಭಾಗ್ಯಾ. ಕೂಸಾಗಿದ್ದಾಗ ಬೇಸಿಗೆ ಬಂತೆಂದರೆ ಮೈ ಕಾದ ಹಂಚಾಗುತ್ತಿತ್ತು. ಜ್ವರ ಎಂದರು. ಗುಡಿಯ ಅಂಗಾರ ಹಚ್ಚಿದರು, ದೃಷ್ಟಿ ತೆಗೆದರು, ದರ್ಗಾದ ದಾರ ಕಟ್ಟಿದರು. ಕಡೆಗೆ ಕಲಬುರಗಿಯ ದೊಡ್ಡ ಡಾಕ್ಟರು ಅವಳ ಚರ್ಮ ನೋಡಿ, ಅಲ್ಲೊಂದು ಇಲ್ಲೊಂದು ಮೂಡಿದ ಹಲ್ಲು ನೋಡಿ, ಈ ಹುಡುಗಿಗೆ ಹುಟ್ಟಿನಿಂದಲೇ ಬೆವರುವ ಶಕ್ತಿ ಇಲ್ಲ ಎಂದರು. ಒಳಗಿನ ಕಾವು ಹೊರಗೆ ಹೋಗಲು ದಾರಿ ಇಲ್ಲ. ಹೆಚ್ಚಾದರೆ ಜೀವಕ್ಕೇ ಅಪಾಯ.

"ಇದಕ್ಕ ಗುಳಗಿ ಇಲ್ಲಮ್ಮ. ಹುಡುಗಿನ್ನ ತಣ್ಣಗ ಇಡ್ರಿ, ಅಷ್ಟೇ."

ಅಷ್ಟೇ. ಹೇಳುವವರಿಗೆ ಏನು. ಏಪ್ರಿಲ್‌ನಲ್ಲಿ ಈ ಕಡೆ ನಾಯಿಗಳು ಕೂಡ ಗುಂಡಿ ತೋಡಿ ಮಲಗುತ್ತವೆ.

ಮಲ್ಕಮ್ಮ ಅಫಜಲಪುರ ತಾಲ್ಲೂಕಿನ ಗೊಬ್ಬೂರಿನವಳು. ಮೂರನೇ ಇಯತ್ತೆಗೆ ಸಾಲೆ ಬಿಟ್ಟಳು. ಸೋದರತ್ತೆಯ ಮಗ ಬೀರಲಿಂಗಪ್ಪನಿಗೆ ಕೊಟ್ಟರು. ಚಿಕ್ಕಂದಿನಿಂದ ಮಾಮಾ ಎಂದು ಕರೆದವಳು, ಮದುವೆಯಾದ ಮೇಲೂ ಹಾಗೇ ಕರೆದಳು. ಅವನ ಕೈ ಮುರಿದ ವರ್ಷ ಬಿತ್ತನೆ ನಿಲ್ಲಬಾರದೆಂದು ಟ್ರ್ಯಾಕ್ಟರ್ ಹತ್ತಿದಳು. ಕೊರಳಿಗೆ ಕೈ ಕಟ್ಟಿಕೊಂಡ ಬೀರಲಿಂಗಪ್ಪ ಬದುವಿನ ಮೇಲೆ ನಿಂತು, "ಎಡಕ, ಎಡಕ! ನಿನ್ನ ಎಡ ಯಾವುದಬೇ?" ಎಂದು ಒದರುತ್ತಿದ್ದ. ಮರುವರ್ಷ ಅವನೇ ಹಟ ಹಿಡಿದು ಅವಳಿಗೆ ಲೈಸನ್ಸ್ ಮಾಡಿಸಿದ.

"ನನಗ್ಯಾಕ ಮಾಮಾ?" ಎಂದಿದ್ದಳು.

"ನಾ ಸತ್ರ ಯಾರು ಹೊಡೀತಾರ?"

ಆಗ ಇಬ್ಬರೂ ನಕ್ಕಿದ್ದರು.

ಭಾಗ್ಯಾ ದೊಡ್ಡವಳಾಗುತ್ತಿದ್ದಂತೆ ಬೀರಲಿಂಗಪ್ಪ ಟ್ರ್ಯಾಕ್ಟರ್ ಮಾರಿ ಸೊಲ್ಲಾಪುರದಿಂದ ಒಂದು ಹಳೆಯ ಕಾಂಟೆಸ್ಸಾ ತಂದ. ಮುದುಕ ಡಾಕ್ಟರೊಬ್ಬರು ಇಟ್ಟುಕೊಂಡಿದ್ದ ಕಾರು. ಎಮ್ಮೆಯಷ್ಟು ಅಗಲ. ಊರು ಕೂಡಿತು. ಟ್ರ್ಯಾಕ್ಟರ್ ಕೊಟ್ಟು ಡಬ್ಬಾ ತಂದ ಎಂದು ನಕ್ಕಿತು. ಒಳಗೆ ಎಸಿ ಇದೆ ಎಂಬುದೊಂದೇ ಅವನ ಲೆಕ್ಕ.

"ಕಾರ ಅಲ್ಲೋ ಮಾರಾಯಾ. ಮಗಳಿಗಿ ನೆರಳು ತಂದೇನಿ," ಎಂದ.

ನೆರಳು ಮೂರು ಬೇಸಿಗೆ ಚೆನ್ನಾಗಿತ್ತು. ನಾಲ್ಕನೆಯದಕ್ಕೆ ಬಿಸಿಗಾಳಿ ಉಗುಳಿತು. ದಾರಿಬದಿಯ ಒಬ್ಬ ರಿಪೇರಿಯವ ಗ್ಯಾಸ್ ಮುಗಿದಿದೆ ಎಂದು ಗ್ಯಾಸ್ ತುಂಬಿದ. ಕೆಲವು ದಿನ ಹಲ್ಲು ಕಡಿಯುವಷ್ಟು ತಂಪು. ಆಮೇಲೆ ಬಾನೆಟ್ಟಿನೊಳಗೆ ಹಂದಿ ಕೂಗಿದಂಥ ಸದ್ದು. ಬೆಲ್ಟು ಸುಟ್ಟ ವಾಸನೆ. ಮುಗಿಯಿತು. ಅದೇ ಬೇಸಿಗೆಯಲ್ಲಿ, ಒಂಬತ್ತನೇ ಇಯತ್ತೆಯ ಭಾಗ್ಯಾ ಆಳಂದದಿಂದ ಬಸ್ಸಿನಲ್ಲಿ ಬರುವಾಗ ಎಚ್ಚರ ತಪ್ಪಿ ಬಿದ್ದಳು. ದವಾಖಾನೆಯಲ್ಲಿ ಮೈಮೇಲೆ ಐಸ್ ಸುರಿದು ಬದುಕಿಸಿದರು. ಬಸ್ಸಿನ ಮಾತು ಅಲ್ಲಿಗೆ ಬಂದ್ ಆಯಿತು.

"ಹತ್ತನೇದ ಪರೀಕ್ಷಾಕ್ಕ ಮುಂಚೆ ಎಸಿ ಮಾಡಸ್ತೇನಿ," ಎಂದು ಬೀರಲಿಂಗಪ್ಪ ಮಗಳಿಗೆ ಮಾತು ಕೊಟ್ಟ.

ತೊಗರಿ ರಾಶಿ ನಡೆದಿತ್ತು. ಕಣದಲ್ಲಿ ಕೂತಲ್ಲೇ ಒರಗಿದ. ಚಹಾದ ಕಪ್ಪು ಕೈಯಲ್ಲೇ ಇತ್ತು. ಚಹಾ ಇನ್ನೂ ಬಿಸಿ ಇತ್ತು.

ಗಂಡ ಸತ್ತವಳು ಮೂಲೆ ಹಿಡಿಯಬೇಕು. ಅದು ಪದ್ಧತಿ. ಯುಗಾದಿ ದಾಟುವ ತನಕ ಹೊಸ್ತಿಲು ದಾಟಬಾರದು, ಎದುರಿಗೆ ಬಂದು ಯಾರಿಗೂ ಮುಖ ತೋರಿಸಬಾರದು. ಮಲ್ಕಮ್ಮ ಕೂತಳು. ಅಳು ಬಂದಾಗ ಅತ್ತಳು. ಬಾರದಾಗ ಗೋಡೆ ನೋಡಿದಳು. ಬಂದ ಹೆಂಗಸರು ರೊಟ್ಟಿ ತಂದರು, ಅತ್ತರು, ತಮ್ಮ ಸೊಸೆಯಂದಿರ ಸುದ್ದಿ ಹೇಳಿದರು, ಹೋದರು. ಕಾರು ಬೇವಿನ ಗಿಡದ ಕೆಳಗೆ ಎಲೆ ಹೊದ್ದು ನಿಂತಿತು. ಒಂದೇ ಮನೆಯಲ್ಲಿ ಎರಡು ನಿಂತುಹೋಗಿದ್ದವು.

ಪರೀಕ್ಷೆ ಯುಗಾದಿಗಿಂತ ಮುಂಚೆ ಶುರು. ಕೇಂದ್ರ ಆಳಂದದಲ್ಲಿ. ಅಲ್ಲಿ ರೂಮು ಮಾಡಿ ಇಡೋಣವೆಂದರೆ ಸಿಗುವುದೆಲ್ಲ ತಗಡಿನವು, ಬೇಕರಿ ಒಲೆಯಂಥವು. ಮಣ್ಣಿನ ಮಾಳಿಗೆಯ ಈ ಮನೆಯೊಂದೇ ಭಾಗ್ಯಾಳಿಗೆ ಸರಿ. ಬಾಡಿಗೆ ಕಾರಿನವರು ಲಗ್ನದ ದಿನಗಳಲ್ಲಿ ಇವತ್ತು ಬಂದರೆ ನಾಳೆ ಫೋನು ಎತ್ತುವುದಿಲ್ಲ. ಮುಂಜಾನೆ ಹೋಗುವುದು ಕಷ್ಟವಲ್ಲ. ಮಧ್ಯಾಹ್ನ ನೆತ್ತಿಯ ಬಿಸಿಲಲ್ಲಿ ಮನೆ ಮುಟ್ಟುವುದೇ ಕಷ್ಟ.

"ಒದ್ದಿ ಟಾವೆಲ್ ಹೊತ್ಕೊಂಡು ಬಸ್ಸಿನ್ಯಾಗೇ ಹೋಗ್ತೇನವ್ವಾ," ಎಂದಳು ಭಾಗ್ಯಾ.

"ಹೋಗಿ?"

"ಬರೀತೇನಿ."

"ಬರದು?"

ಈ ವರ್ಷ ಬಿಟ್ಟು ಮುಂದಿನ ವರ್ಷ ನೋಡೋಣ ಎಂದು ಹಿರಿಯರು ಆಗಲೇ ಹೇಳತೊಡಗಿದ್ದರು. ಮುಂದಿನ ವರ್ಷಕ್ಕೂ ಬಿಸಿಲು ಇರುತ್ತದೆ ಎಂದು ಯಾರೂ ಹೇಳಲಿಲ್ಲ. ಸಾಲೆ ಬಿಟ್ಟರೆ ಈ ಊರಿನಲ್ಲಿ ಹೆಣ್ಣಿಗೆ ಇರುವುದು ಹೊಲ. ಹೊಲಕ್ಕೆ ಭಾಗ್ಯಾ ಹೋಗಲಾರಳು. ಓದೊಂದೇ ಅವಳು ನೆರಳಲ್ಲಿ ಕೂತು ಮಾಡಬಲ್ಲ ಕೆಲಸ. ಅದೂ ಹೋದರೆ, ಮಲ್ಕಮ್ಮ ಕೂತ ಮೂಲೆಯೇ ಅವಳಿಗೂ ಗತಿ.

ಒಂದು ದಿನ ಹೊರಗೆ ಡಣ್ ಡಣ್ ಎಂದಿತು. ಕಾರಿನ ಬಾನೆಟ್ಟು. ಆ ಸದ್ದು ಮಲ್ಕಮ್ಮನಿಗೆ ಗೊತ್ತು. ಎದ್ದು ಬಾಗಿಲಿಗೆ ಬಂದಳು. ಬೀರಲಿಂಗಪ್ಪನ ತಮ್ಮ ಮಾಳಿಂಗ ನಿಂತಿದ್ದ. ಜೊತೆಗೆ ಗುಜರಿಯವನೊಬ್ಬ ಗೆಣ್ಣಿನಿಂದ ತಗಡು ಬಡಿದು ನೋಡುತ್ತಿದ್ದ.

"ವೈನಿ, ನಿಂತ ಗಾಡಿ ಇಲಿಗೆ ಮನಿ," ಎಂದ ಮಾಳಿಂಗ. "ಇವ್ರು ಜೇವರ್ಗಿಯಿಂದ ಬಂದಾರ. ಇವತ್ತೇ ಎಳ್ಕೊಂಡು ಹೋಗ್ತಾರ."

"ಯಾರ ಗಾಡಿ?"

"ಅಣ್ಣಂದು."

"ಮಾರು ಅಂತ ಅಣ್ಣ ಹೇಳ್ಯಾನೇನು? ಮ್ಯಾಲಿಂದ ಫೋನ್ ಬಂದಿತ್ತಾ?"

ಜೇವರ್ಗಿಯವನಿಗೆ ನಗೆ ಬಂತು. ಮಾಳಿಂಗನಿಗೆ ಬರಲಿಲ್ಲ. ಅವನು ಕೆಟ್ಟವನಲ್ಲ. ಅವಸರದವನು. ಅಣ್ಣನ ಕಾರು ನೋಡಿದಾಗೆಲ್ಲ ಅವನಿಗೆ ಅಣ್ಣನೇ ನೆನಪಾಗುತ್ತಿದ್ದ, ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು.

ಮಲ್ಕಮ್ಮ ಗೋಡೆಯ ಮಾಡದೊಳಗಿಂದ ಕೀಲಿ ತಂದಳು. ಹೊಸ್ತಿಲು ದಾಟಿದಳು. ಡ್ರೈವರ್ ಸೀಟಿನ ಮೇಲೆ ಬೀರಲಿಂಗಪ್ಪನ ಟಾವೆಲ್ಲು ಹಾಸಿದಂತೆಯೇ ಇತ್ತು. ಅದರ ಮೇಲೇ ಕೂತಳು. ಕೀಲಿ ತಿರುವಿದಳು. ಕಟ್ ಎಂದಿತು, ಅಷ್ಟೇ. ಬ್ಯಾಟರಿ ಸತ್ತಿತ್ತು.

"ದಬ್ಬೋ ಮಾಳಿಂಗ."

"ವೈನಿ, ಜನ ನೋಡಾಕತ್ತಾರ."

"ಅವ್ರಿಗೂ ಕರಿ. ಗಾಡಿ ವಜ್ಜಿ ಅದ."

ಎದುರು ಮನೆಯ ಗುರಮ್ಮ ಕಟ್ಟೆಯ ಮೇಲಿಂದ ಎದ್ದೇ ನಿಂತಳು. "ಅಯ್ಯ ಶಿವನೇ! ಮೂಲಿ ಬಿಟ್ಟು ಎದ್ದಳಲ್ಲೋ! ಏ ಮಲ್ಕವ್ವ, ಯುಗಾದಿ ಇನ್ನಾ ಬಂದಿಲ್ಲಬೇ!"

"ಪರೀಕ್ಷಾ ಯುಗಾದಿ ಕಾಯಂಗಿಲ್ಲ ಗುರಮ್ಮಕ್ಕಾ."

ಮಾಳಿಂಗ ದಬ್ಬಿದ. ಜೇವರ್ಗಿಯವನೂ ದಬ್ಬಿದ. ಕೊಳ್ಳಲು ಬಂದವನು ದಬ್ಬಿ ಕಳಿಸಿದ. ಕಾರು ಕೆಮ್ಮಿತು, ಬೇವಿನೆಲೆ ಉದುರಿಸಿತು, ಹೊರಟಿತು. ಮಾಳಿಂಗ ಓಡಿಬಂದು ಪಕ್ಕದಲ್ಲಿ ಹತ್ತಿದ. ವೈನಿಯನ್ನು ಒಬ್ಬಳೇ ಬಿಡಲು ಅವನಿಗೆ ಧೈರ್ಯ ಬರಲಿಲ್ಲ.

ಆಳಂದದ ಬಸ್‌ಸ್ಟ್ಯಾಂಡ್ ಹಿಂದೆ ಸರ್ದಾರನ ಶೆಡ್ಡು. ಕಾರಿನ ಎಸಿ ಕೆಲಸ ಅವನದು. ಬೀರಲಿಂಗಪ್ಪನ ಗೆಳೆಯ. ಕಾರು ನೋಡಿ ಎದ್ದ. ಸ್ಟೇರಿಂಗ್ ಹಿಂದೆ ಯಾರಿದ್ದಾರೆಂದು ನೋಡಿ ಟೋಪಿ ಸರಿಮಾಡಿಕೊಂಡ. ಸಮಾಧಾನದ ಮಾತಿಗೆ ಬಾಯಿ ತೆರೆದ.

"ಅಳೋದು ಮನ್ಯಾಗ ಮಾಡೇನಿ ಸರ್ದಾರ ಭಾಯಿ. ಬಾನೆಟ್ ತೆಗೀರಿ," ಎಂದಳು ಮಲ್ಕಮ್ಮ.

ಸರ್ದಾರ ಒಂದು ಪೈಪು ಬಿಚ್ಚಿದ. ಬಿಳಿ ಬಟ್ಟೆಯ ಮೇಲೆ ಎಣ್ಣೆ ಒರೆಸಿಕೊಂಡ. ಕಪ್ಪಗೆ, ಬೆಲ್ಲದ ಪಾಕದ ಹಾಗೆ. ಮೂಗಿಗೆ ಹಿಡಿದು ಮುಖ ಕಿವುಚಿದ.

"ಯಾವ ಕಮ್‌ಬಖ್ತ್ ಮಾಡ್ಯಾನ ಇದು? ಹಳೇ ಎಣ್ಣಿ ಮ್ಯಾಲೆ ಹೊಸ ಗ್ಯಾಸ್ ಸುರದಾನಲ್ಲ!"

"ಗ್ಯಾಸ್‌ನ್ಯಾಗ ಹಳೇದು ಹೊಸದು ಅಂತ ಇರ್ತಾವೇನ್ರಿ?" ಕೇಳಿದ ಮಾಳಿಂಗ.

ಸರ್ದಾರ ಹೇಳಿದ. ಈ ಕಾರು ಹುಟ್ಟಿದಾಗ ಎಸಿಗೆ ಬಾರಾ ನಂಬರ್, ಅಂದರೆ ಹನ್ನೆರಡರ ಗ್ಯಾಸು ಹಾಕುತ್ತಿದ್ದರು. ಅದು ಹೊರಗೆ ಹೋದರೆ ಆಕಾಶದ ಮೇಲಿನ ಪರದೆಗೆ ತೂತು ಬೀಳುತ್ತದೆಂದು ಜಗತ್ತೆಲ್ಲ ಬಂದ್ ಮಾಡಿದರು. ಈಗ ಬರುವುದು ನೂರಾ ಮೂವತ್ನಾಲ್ಕು. ಅದರ ಎಣ್ಣೆ ಬೇರೆ, ರಬ್ಬರ್ ರಿಂಗು ಬೇರೆ. ತಪ್ಪಾಗದಿರಲೆಂದು ಗ್ಯಾಸ್ ತುಂಬುವ ಬಾಯಿಯ ಅಳತೆಯೂ ಬೇರೆ. ಆ ರಿಪೇರಿಯವ ನಡುವೆ ಒಂದು ತುಂಡು ಸಿಕ್ಕಿಸಿ ಬಲವಂತದಿಂದ ತುಂಬಿದ್ದ.

"ಹೊಸ ಗ್ಯಾಸು ಹಳೇ ಎಣ್ಣಿನ್ನ ಸಂಗಟ ಕರ್ಕೊಂಡು ತಿರಗಂಗಿಲ್ಲ ಅಕ್ಕಾ. ಅತ್ತಿ ಸೊಸಿ ಇದ್ಹಂಗ. ಇಕಿ ಅಡಗಿಮನ್ಯಾಗಿದ್ರ ಆಕಿ ಪಡಸಾಲ್ಯಾಗ. ಎಣ್ಣಿ ಎಲ್ಲೋ ಮೂಲ್ಯಾಗ ಕುಂತುಬಿಡ್ತು. ಕಂಪ್ರೆಸರ್ ಒಣಗಿ ಜಾಮ್ ಆತು."

"ಬಾರಾ ನಂಬರಿಂದೇ ಹಾಕ್ರಿ, ಹಳೇ ಗಾಡಿಗಿ ಹಳೇದೇ ಛಲೋ," ಎಂದ ಮಾಳಿಂಗ.

"ಸಿಗಂಗಿಲ್ಲ. ಹೋತು ಅದು."

ಬಾರಾ ನಂಬರಿನದು ಬಾರದ ಊರಿಗೆ ಹೋಗಿತ್ತು. ಬೀರಲಿಂಗಪ್ಪನ ಹಾಗೆ. ಮಲ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೊಸದಕ್ಕ ಏನೇನ್ ಬೇಕ್ರಿ?"

ಸರ್ದಾರ ಬೆರಳು ಮಡಿಚುವ ಮೊದಲೇ ಮಾಳಿಂಗ ನಡುವೆ ಬಂದ. "ಇಷ್ಟ್ಯಾಕ ತ್ರಾಸು? ಮನ್ಯಾಗ ಅಡಗಿ ಗ್ಯಾಸ್ ಅದ. ಅದನ್ನೇ ತುಂಬಿದ್ರ ತಂಪ ಹೊಡೀತದಂತ ಜನ ಹೇಳ್ತಾರ. ಗ್ಯಾಸ್ ಅಂದ್ರ ಗ್ಯಾಸು!"

ಸರ್ದಾರನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು.

"ಹೊಡೀತದ," ಎಂದ ಸರ್ದಾರ. ದನಿ ಇಳಿದಿತ್ತು. "ತಂಪೂ ಹೊಡೀತದ, ಒಂದಿನ ಗಾಡಿನೂ ಹೊಡೀತದ. ಪೈಪ್ ಸ್ವಲ್ಪ ಸೋರಿ ಒಳಗ ತುಂಬಿತು ಅಂದ್ರ, ನೀ ಬೀಡಿ ಹಚ್ಚೋದಷ್ಟೇ ಬಾಕಿ. ಹುಡುಗಿನ್ನ ಸಿಲಿಂಡರ್ ಒಳಗ ಕುಂದ್ರಸಿ ಪರೀಕ್ಷಾಕ್ಕ ಕಳಸ್ತಿ ಏನಲೇ?"

ಮಾಳಿಂಗ ತನ್ನ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಬೀಡಿಕಟ್ಟು ಅಲ್ಲೇ ಇತ್ತು.

ಎಣ್ಣೆ, ರಿಂಗು, ಹಸಿ ಹೀರುವ ಬಾಟ್ಲಿ ಸರ್ದಾರನೇ ತರಿಸಿದ. ಸಿಗದೇ ಹೋದದ್ದು ಕಂಪ್ರೆಸರು, ಮತ್ತೆ ಕಾವು ಹೊರಹಾಕುವ ಮುಂದಿನ ಜಾಲಿಗೆ ಇನ್ನೊಂದು ಫ್ಯಾನು. ಹೊಸ ಗ್ಯಾಸು ಹೆಚ್ಚು ಕಾವು ಬಿಡುತ್ತದೆ, ಹಳೆ ಜಾಲಿ ಸಣ್ಣದು, ಒಂದು ಫ್ಯಾನು ಸಾಲದು. ಇದೇ ಜಾತಿಯ ಕಾರೊಂದು ಅಫಜಲಪುರದ ಗುಜರಿಯಲ್ಲಿ ಬಿದ್ದಿದೆ ಎಂದು ಅವನಿಗೆ ಸುದ್ದಿ ಇತ್ತು.

"ನಾ ಹೋಗ್ತೇನಿ, ಅದು ನನ್ನ ತವರಿನ ಕಡಿ," ಎಂದಳು ಮಲ್ಕಮ್ಮ.

"ಛಲೋ ಅದನೋ ಇಲ್ಲೋ ಹೆಂಗ ತಿಳೀತದ ಅಕ್ಕಾ ನಿಮಗ? ಹಿಂಗ ಮಾಡ್ರಿ. ಅದರ ಗಾಲಿ ಕೈಲೆ ತಿರಿವ್ರಿ. ಬೀಸುಕಲ್ಲಿನ ಹಂಗ ಒಂದೇ ಸಮ ತಿರಗಬೇಕು. ಕಟಕಟ ಅಂದ್ರ ಬ್ಯಾಡ."

ಬೀಸುಕಲ್ಲು ತಿರುವಿ ಬೆಳೆದ ಕೈ. ಗುಜರಿಯಲ್ಲಿ ಅವಳು ಮಂಡಿಯೂರಿ ಕೂತು ಕಂಪ್ರೆಸರ್ ತಿರುವಿದಳು, ಕಣ್ಣು ಮುಚ್ಚಿ ತಿರುವಿದಳು. ಒಂದೇ ಸಮ ಇತ್ತು. ಬಸ್ಸಿನಲ್ಲಿ ಅದನ್ನೂ ಫ್ಯಾನನ್ನೂ ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಗೊಬ್ಬೂರಿನ ಕಡೆಯ ಮುದುಕಿಯೊಬ್ಬಳು ಬರಿಯ ಹಣೆ ನೋಡಿ, ಚೀಲ ನೋಡಿ, ಕಂಡಕ್ಟರನಿಗಿಂತ ಮೊದಲು ಕೇಳಿದಳು.

"ಏನವ್ವಾ ಅದು, ಕೂಸಿನ ಹಂಗ ಹಿಡಕೊಂಡಿ?"

"ಮಗಳ ಬೆವರು," ಎಂದಳು ಮಲ್ಕಮ್ಮ.

ಮುದುಕಿ ಸ್ವಲ್ಪ ದೂರ ಸರಿದು ಕೂತಳು.

ಆಮೇಲೆ ತೊಳೆಯುವ ಕೆಲಸ. ಒಳಗೆ ಉಳಿದಿದ್ದ ಗ್ಯಾಸನ್ನು ಸರ್ದಾರ ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡ. ಪೈಪುಗಳಿಂದ ಹಳೆ ಎಣ್ಣೆಯ ಕೊನೆಯ ಹನಿ ಹೋಗುವ ತನಕ ಔಷಧ ಹಾಕಿ ತೊಳೆದ, ಒಣ ಗಾಳಿ ಊದಿದ. ಮಲ್ಕಮ್ಮ ಸ್ಟೂಲಿನ ಮೇಲೆ ಕೂತು ನೋಡಿದಳು. ಒಂದು ಹನಿ ನೀರು ಒಳಗೆ ಉಳಿದರೂ ಕೆಟ್ಟಿತು ಎಂದು ಅವನು ಹೇಳಿದಾಗ ಅವಳಿಗೆ ಹೊಸದೇನೂ ಅನ್ನಿಸಲಿಲ್ಲ.

"ಉಪ್ಪಿನಕಾಯಿ ಭರಣಿ ಇದ್ದಂಗ ಅನ್ರಿ," ಎಂದಳು. "ಹ್ವಾದ ವರ್ಷದ ಎಣ್ಣಿ ತೊಳೀಬೇಕು, ಒಣಗಸಬೇಕು, ಒದ್ದಿ ಕೈ ಹಾಕಬಾರದು."

"ಅದೇ ಅಕ್ಕಾ. ಮೂವತ್ತು ವರ್ಷ ಆತು, ನನ್ನ ಮನ್ಯಾಕಿಗಿ ನನ್ನ ಕೆಲಸ ಹೆಂಗ ತಿಳಿಸಿ ಹೇಳಬೇಕಂತ ಗೊತ್ತಾಗಿರ್ಲಿಲ್ಲ. ಇವತ್ತು ಹೇಳ್ತೇನಿ."

ಎಲ್ಲ ಕೂಡಿಸಿ ಮಷೀನು ಹಚ್ಚಿ ಒಳಗಿನ ಗಾಳಿ ಎಳೆದ. ಗಡಿಯಾರದಂಥ ಡಬ್ಬಿಯಲ್ಲಿ ಮುಳ್ಳು ಕೆಳಗಿಳಿಯಿತು. ಮಷೀನು ನಿಲ್ಲಿಸಿದ. ಮುಳ್ಳು ಅಲ್ಲೇ ನಿಂತರೆ ಎಲ್ಲೂ ಸೋರಿಕೆ ಇಲ್ಲ. ಚಹಾ ಕುಡಿದು ಬಂದರು. ಮುಳ್ಳು ಮೇಲೆದ್ದಿತ್ತು.

ಸರ್ದಾರ ಬೈದ. ಬಿಚ್ಚಿದ. ಒಂದು ರಿಂಗು ತಿರುಚಿಕೊಂಡಿತ್ತು. ಬದಲಿಸಿದ. ಮತ್ತೆ ಎಳೆದ. ಈ ಸಲ ಚಹಾಕ್ಕೆ ಯಾರೂ ಹೋಗಲಿಲ್ಲ. ಮಾಳಿಂಗನೂ ಸೇರಿ ಮೂವರೂ ಮುಳ್ಳನ್ನೇ ನೋಡುತ್ತ ನಿಂತರು, ಹೆರಿಗೆ ಕೋಣೆಯ ಹೊರಗೆ ನಿಂತ ಹಾಗೆ. ಮುಳ್ಳು ಅಲ್ಲಾಡಲಿಲ್ಲ.

ಗ್ಯಾಸ್ ತುಂಬಿದ. ಮೊದಲಿನ ಅಳತೆಗಿಂತ ಕಡಿಮೆಯೇ ತುಂಬಿದ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ಸುಳ್ಳು. ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ೧೩೪ ಎಂದು ಬರೆದ, ಇನ್ನೊಬ್ಬ ಬಂದು ಬೇರೇನೋ ಸುರಿಯಬಾರದೆಂದು. ಎಸಿ ಚಾಲೂ ಮಾಡಿದ. ಮಲ್ಕಮ್ಮ ಕೈ ಒಡ್ಡಿದಳು. ಮೊದಲು ಬಿಸಿ. ಆಮೇಲೆ ಉಗುರುಬೆಚ್ಚಗೆ. ಆಮೇಲೆ ಬೆರಳ ತುದಿಗೆ ಚಳಿ. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಒಂದು ಮಾತು ಅಕ್ಕಾ," ಎಂದ ಸರ್ದಾರ. "ಹಳೇ ಗಾಡಿ, ಹೊಸ ಗ್ಯಾಸು. ನಿಂತಲ್ಲಿ ನಿಂತ್ರ ಇದು ಸೊರಗ್ತದ. ಓಡೀದ್ರ ಜೀವ ಬರ್ತದ. ಗಾಳಿ ಬಡೀಬೇಕು ಇದಕ್ಕ."

ಅವನು ಹಣದ ಮಾತು ಎತ್ತಲಿಲ್ಲ. ಅವಳು ಒಂದು ಚೀಲ ತೊಗರಿ ಇಳಿಸಿ ಬಂದಳು. ಬೀರಲಿಂಗಪ್ಪ ರಾಶಿ ಮಾಡಿದ ತೊಗರಿ.

ಪರೀಕ್ಷೆಯ ಮೊದಲ ದಿನ ಮುಂಜಾನೆ ಕಾರು ಹೊರಡುವಾಗ ಗುರಮ್ಮ ತನ್ನ ಮಗಳು ಶಿವಕಾಂತಾಳನ್ನು ಬಸ್ಸಿಗೆ ಕಳಿಸುತ್ತಿದ್ದಳು. ಕಾರು ಕಂಡದ್ದೇ ಮಗಳ ಮುಖಕ್ಕೆ ಸೆರಗು ಅಡ್ಡ ಹಿಡಿದಳು.

"ಆಕಡಿ ನೋಡಬ್ಯಾಡಬೇ! ಮುಂಜಾನೆದ್ದು ಮುಂಡಿ ಮಾರಿ ನೋಡಿ ಹ್ವಾದ್ರ ಬರೆದದ್ದೂ ಅಳಸಿ ಹೋಗ್ತದ!"

ಕಾರಿನ ಕಿಟಕಿ ಗಾಜು ಮೇಲಿತ್ತು. ಆದರೂ ಕೇಳಿಸಿತು. ಭಾಗ್ಯಾ ತಾಯಿಯ ಕಡೆ ತಿರುಗಿದಳು. "ನಾ ದಿನಾ ನೋಡ್ತೇನಲ್ಲವ್ವಾ, ನನಗ್ಯಾಕ ಎಲ್ಲಾ ನೆನಪ ಅದ?"

"ನೆನಪಿದ್ದದ್ದು ಅಲ್ಲಿ ಹೋಗಿ ಬರಿ. ನನಗ ಹೇಳಬ್ಯಾಡ."

ಮೊದಲ ದಿನ ಸರಿಹೋಯಿತು. ಎರಡನೆಯದೂ. ಪರೀಕ್ಷೆಯವರು ಒಳ್ಳೆಯವರು. ಹುಡುಗಿಯನ್ನು ಫ್ಯಾನಿನ ಕೆಳಗೆ ಕೂರಿಸಿದರು, ಒದ್ದೆ ಓಢಣಿಗೆ ಒಪ್ಪಿದರು. ಮಲ್ಕಮ್ಮ ಎಸಿಯ ಬಾಯಿಗಳನ್ನೆಲ್ಲ ಪಕ್ಕದ ಸೀಟಿನ ಕಡೆಗೆ ತಿರುಗಿಸಿದ್ದಳು. ತನ್ನ ಕಡೆಗೆ ಒಂದೂ ಇಲ್ಲ. ಬಸ್ಸಿನಿಂದ ಇಳಿದ ಶಿವಕಾಂತಾ ಕೆಂಪು ಮುಖ ಹೊತ್ತು ಮನೆ ಮುಟ್ಟುವುದರೊಳಗೆ ಭಾಗ್ಯಾ ಉಂಡು ಮುಂದಿನ ಪಾಠ ಹಿಡಿದಿರುತ್ತಿದ್ದಳು.

ಗಣಿತ ಶುಕ್ರವಾರ ಬಂತು.

ಆ ದಿನ ಬಿಸಿಲು ಮುಂಜಾನೆಯೇ ಹಲ್ಲು ತೋರಿಸಿತ್ತು. ಮಲ್ಕಮ್ಮ ಶಾಲೆಯ ಎದುರಿಗೆ ಗಿಡದ ನೆರಳಲ್ಲಿ ಕಾರು ನಿಲ್ಲಿಸಿ ಕಾದಳು. ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ ಗೇಟಿನ ಜವಾನ ಹೊರಗೆ ಬಂದು ಬೀಡಿ ಹಚ್ಚಿ, ಕರೆಂಟ್ ಹೋಗಿ ಬಹಳ ಹೊತ್ತಾಯಿತು, ಮಕ್ಕಳು ಒಳಗೆ ಬೇಯುತ್ತಿವೆ ಎಂದ.

ಅವಳು ಆಗಲೇ ಎಂಜಿನ್ ಶುರು ಮಾಡಿದಳು. ಎಸಿ ಹಾಕಿದಳು. ತಂಪು ಬಂತು. ಆಮೇಲೆ ಬೆಚ್ಚಗಾಯಿತು. ಆಮೇಲೆ ಒಲೆಯ ಮುಂದೆ ಕೂತ ಹಾಗೆ ಬಿಸಿ. ಇಳಿದು ಬಾನೆಟ್ ಎತ್ತಿದಳು. ಎರಡನೇ ಫ್ಯಾನು ಸುಮ್ಮನೆ ನಿಂತಿತ್ತು. ಅದರ ವೈರು ತುಂಡಾಗಿತ್ತು, ತುದಿಯಲ್ಲಿ ಸಣ್ಣ ಹಲ್ಲಿನ ಗುರುತು. ಬೇವಿನ ಗಿಡದ ಕೆಳಗಿನ ಇಲಿ ಕಾರಿನ ಮೇಲಿನ ಹಕ್ಕು ಬಿಟ್ಟಿರಲಿಲ್ಲ.

ಸರ್ದಾರನಿಗೆ ಫೋನು ಮಾಡಿದಳು. ಬಂದ್ ಆಗಿತ್ತು. ಜುಮ್ಮಾ ನಮಾಜಿನ ಹೊತ್ತು. ಶೆಡ್ಡೂ ಮುಚ್ಚಿರುತ್ತದೆ.

ಒಂದು ಗಳಿಗೆ ಅವಳು ಬಾನೆಟ್ ಹಿಡಿದು ನಿಂತಳು. ಮಾಮಾ, ನೀ ಸತ್ತು ತಪ್ಪು ಮಾಡಿದಿ ಎಂದು ಮನಸ್ಸಿನಲ್ಲೇ ಬೈದಳು. ಹಾಗೆ ನಿಂತಿದ್ದಾಗಲೇ ಸರ್ದಾರನ ಮಾತು ನೆನಪಾಯಿತು. ನಿಂತ್ರ ಸೊರಗ್ತದ.

ಬಾನೆಟ್ ಧಡ್ ಎಂದು ಹಾಕಿದಳು. ಹತ್ತಿ ಕೂತು ಕಾರು ಬಿಟ್ಟಳು.

ಆಳಂದದ ಪೇಟೆಯಲ್ಲಿ ಆ ಮಧ್ಯಾಹ್ನ ಅಂಗಡಿ ಕಟ್ಟೆಯ ಮೇಲಿದ್ದವರೆಲ್ಲ ನೋಡಿದರು. ಬರಿಯ ಹಣೆಯ ಹೆಂಗಸೊಬ್ಬಳು ಎಮ್ಮೆಯಂಥ ಕಾರಿನಲ್ಲಿ ಒಬ್ಬಳೇ ಸುತ್ತುತ್ತಿದ್ದಾಳೆ. ಬಸ್‌ಸ್ಟ್ಯಾಂಡ್ ಮುಂದೆ ಹೋದಳು. ತೊಗರಿ ಅಂಗಡಿಗಳ ಸಾಲಿನಲ್ಲಿ ಹಾರ್ನ್ ಒತ್ತಿಕೊಂಡೇ ಹೋದಳು. ಊರ ಹೊರಗಿನ ಬಯಲು ದಾರಿಯಲ್ಲಿ ಕಾಲು ಒತ್ತಿದಳು. ತಿರುಗಿ ಬಂದಳು. ಮತ್ತೆ ಹೋದಳು. ಒಬ್ಬ ಪೊಲೀಸ್ ಕೈ ಅಡ್ಡ ಹಿಡಿದ.

"ಏ ಅಮ್ಮಾ, ನಿಲ್ಲಸು! ಎಲ್ಲಿಗಿ ಹೊಂಟಿ? ಆವಾಗಿಂದ ತಿರಗಾಕತ್ತಿ!"

"ಎಲ್ಲಿಗೂ ಇಲ್ರೀ ಸಾಹೇಬ್ರ! ನಿಲ್ಲಸಿದ್ರ ಬಿಸಿ ಆಗ್ತದ!"

ಪೊಲೀಸನಿಗೆ ಅರ್ಥವಾಗಲಿಲ್ಲ. ಆದರೂ ಪಕ್ಕಕ್ಕೆ ಸರಿದ.

ಮುಂದಿನ ಜಾಲಿಗೆ ಗಾಳಿ ಬಡಿಯಿತು. ಪಕ್ಕದ ಖಾಲಿ ಸೀಟಿನ ಕಡೆಗೆ ಕೈ ಚಾಚಿದಳು. ಉಗುರುಬೆಚ್ಚಗೆ. ಇನ್ನೊಂದು ಸುತ್ತು. ಬೆರಳ ತುದಿಗೆ ಚಳಿ. ಆ ಸೀಟಿನಲ್ಲಿ ಹಿಂದೆ ಅವಳೇ ಕೂರುತ್ತಿದ್ದಳು, ಬೀರಲಿಂಗಪ್ಪ ಓಡಿಸುತ್ತಿದ್ದ.

ಶಾಲೆಯ ಗಂಟೆ ಹೊಡೆಯಿತು. ಗೇಟಿನ ಬಳಿ ಬರುವಾಗ ಕಂಡಿತು. ಭಾಗ್ಯಾ ನಡೆದು ಬರುತ್ತಿರಲಿಲ್ಲ. ಶಿವಕಾಂತಾ ಅವಳ ರಟ್ಟೆ ಹಿಡಿದು ನಡೆಸುತ್ತಿದ್ದಳು. ಭಾಗ್ಯಾಳ ಮುಖ ಮೆಣಸಿನಕಾಯಿಯಂತೆ ಕೆಂಪಾಗಿತ್ತು. ಓಢಣಿ ಒಣಗಿ ಹೋಗಿತ್ತು.

"ಹತ್ರೇ! ಲಗೂ ಹತ್ರೇ!"

"ನಾನೂ?" ಎಂದಳು ಶಿವಕಾಂತಾ.

"ನೀನೂ! ಹಿಂದ ಕುಂದ್ರು, ಆಕಿ ನೆತ್ತಿಗಿ ನೀರು ಹಾಕು!"

ಬಾಗಿಲು ಮುಚ್ಚುವುದರೊಳಗೆ ಕಾರು ಹೊರಟಿತ್ತು. ಸೀಟು ತಣ್ಣಗಿತ್ತು. ನಾಲ್ಕೂ ಕಡೆಯಿಂದ ತಂಪು ಹುಡುಗಿಯ ಮುಖಕ್ಕೆ, ಕೊರಳಿಗೆ, ಎದೆಗೆ ಬಡಿಯಿತು. ಹಿಂದಿನಿಂದ ಶಿವಕಾಂತಾ ಬಾಟಲಿ ಸುರಿದಳು. ಬಿಸಿಲು ಹೊರಗೆ ಬಿಳಿಯಾಗಿ ಕುಣಿಯುತ್ತಿತ್ತು. ಮಲ್ಕಮ್ಮ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಮಗಳ ಹಣೆಯ ಮೇಲೆ ಇಟ್ಟಿದ್ದಳು. ಹಂಚು. ಹಂಚು. ಊರುಗಳು ಹಿಂದೆ ಹೋದವು. ಹಂಚು ಆರುತ್ತಾ ಬಂತು. ಹಣೆ ಹಣೆಯಾಯಿತು.

ಭಾಗ್ಯಾ ಕಣ್ಣು ಬಿಟ್ಟಳು.

"ಕಡೀ ಲೆಕ್ಕ ಒಂದು ಬಿಟ್ಟೆನವ್ವಾ. ಬಾಕಿ ಎಲ್ಲಾ ಬರದೇನಿ."

"ಕಡೀದು ನಾನೂ ಬಿಟ್ಟೇನಿ," ಎಂದಳು ಹಿಂದಿನಿಂದ ಶಿವಕಾಂತಾ. "ಮೊದಲಿಂದೂ ಬಿಟ್ಟೇನಿ."

ಮಲ್ಕಮ್ಮ ನಕ್ಕಳು. ಕಣದಲ್ಲಿ ಬೀರಲಿಂಗಪ್ಪ ಒರಗಿದ ಮೇಲೆ ಅದೇ ಮೊದಲ ನಗೆ. ಅವಳ ಕುಬಸ ಬೆನ್ನಿಗೆ ಅಂಟಿತ್ತು. ಹಣೆಯಿಂದ ಬೆವರು ಧಾರೆಯಾಗಿ ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಭಾಗ್ಯಾ ಓಢಣಿಯ ತುದಿಯಿಂದ ಅದನ್ನು ಒರೆಸಿದಳು.

"ಅವ್ವಾ, ನನ್ನ ಪಾಲಿಂದೂ ನೀನೇ ಸುರಸಾಕತ್ತಿ."

"ಸುರಸ್ತೇನಿ. ನಿಂದೇನು ಗಂಟು ಹೋಗ್ತದ?"

ಸಂಜೆ ಸರ್ದಾರನೇ ಸರಸಂಬಾಕ್ಕೆ ಬಂದು ವೈರು ಕಟ್ಟಿದ. ಅದಕ್ಕೆ ಇಲಿ ಕಡಿಯದ ಹಾಗೆ ಕಬ್ಬಿಣದ ಸುರುಳಿ ತೊಡಿಸಿದ. ಮಾಳಿಂಗ ಟಾರ್ಚು ಹಿಡಿದು ನಿಂತ. ಬೀಡಿ ಹಚ್ಚಲಿಲ್ಲ. ಅದರ ಅಗತ್ಯ ಈಗ ಇಲ್ಲ, ಇದು ಆ ಗ್ಯಾಸಲ್ಲ ಎಂದು ಸರ್ದಾರ ಹೇಳಿದರೂ ಹಚ್ಚಲಿಲ್ಲ.

ಉಳಿದ ಪರೀಕ್ಷೆಗಳಿಗೆ ಹಿಂದಿನ ಸೀಟು ಖಾಲಿ ಇರಲಿಲ್ಲ. ಶಿವಕಾಂತಾ ಬಂದಳು. ಅವಳ ಗೆಳತಿಯರು ಬಂದರು. ತೊಡೆಯ ಮೇಲೆ ತೊಡೆ ಹಾಕಿ ಕೂತರು. ಗುರಮ್ಮ ಮೊದಲ ದಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ಎರಡನೇ ದಿನ ಅರ್ಧ ತಿರುಗಿ ಕೂತಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಭಾಗ್ಯಾ ಫಸ್ಟ್ ಕ್ಲಾಸ್. ಶಿವಕಾಂತಾ ಗಣಿತದಲ್ಲಿ ಹೇಗೋ ದಡ ಮುಟ್ಟಿದಳು. ಊರಿಗೆಲ್ಲ ಹೆಚ್ಚು ಆಶ್ಚರ್ಯವಾದದ್ದು ಅದಕ್ಕೇ.

ಆಳಂದದ ಕಾಲೇಜಿಗೆ ಹೆಸರು ಹಚ್ಚಲು ಹೊರಟ ದಿನ ಮಲ್ಕಮ್ಮ ಬೀರಲಿಂಗಪ್ಪನ ಟಾವೆಲ್ಲು ಝಾಡಿಸಿ ಮತ್ತೆ ಸೀಟಿನ ಮೇಲೆ ಹಾಸಿದಳು. ಭಾಗ್ಯಾ ಪಕ್ಕದಲ್ಲಿ. ಕಾರು ಹೊರಡುತ್ತಿದ್ದಂತೆ ಗುರಮ್ಮ ಕಟ್ಟೆ ಇಳಿದು ಬಂದು ಮುಂದೆಯೇ ಅಡ್ಡ ನಿಂತಳು. ಮಗಳನ್ನು ಕೈಹಿಡಿದು ಎಳೆದು ತಂದಿದ್ದಳು.

"ಏನು ಗುರಮ್ಮಕ್ಕಾ?"

"ಇಕಿಗೂ ಕಾಲೇಜಿಗಿ ಹಚ್ಚಬೇಕು. ಕರ್ಕೊಂಡು ಹೋಗವ್ವಾ." ಆಮೇಲೆ ಮಗಳ ಗದ್ದ ಹಿಡಿದು ಕಾರಿನ ಕಡೆಗೆ ತಿರುಗಿಸಿದಳು. "ನೋಡಬೇ, ಆಕಿ ಮಾರಿ ಸರಿಯಾಗಿ ನೋಡು. ನೋಡೇ ಹತ್ತು."

ಶಿವಕಾಂತಾ ನಾಚಿ ಹತ್ತಿದಳು. ಗುರಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಬಾನೆಟ್ಟಿನ ಮೇಲೆ ಎರಡೂ ಕೈ ಇಟ್ಟಿದ್ದಳು. ಅವಳ ಕಣ್ಣು ತುಂಬಿತ್ತು.

"ಮಲ್ಕವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ."

"ತಣ್ಣಗದ ಯಕ್ಕಾ," ಎಂದಳು ಮಲ್ಕಮ್ಮ. ಗೇರು ಹಾಕಿದಳು. "ದಾರಿ ಬಿಡು. ನಿಂತ್ರ ಬಿಸಿ ಆಗ್ತದ."